ನಾಲ್ಕರ ಕೊಂಬು

ಜುಲೈ ೩, ಗುರುವಾರ

ಇಂದಿನಿಂದ ಡಾ. ಕೆಂಪರಾಜ್ ಅವರಿಗೆ ಬಹುವಚನ ರದ್ದು. ಎದುರು ಸಿಕ್ಕರೆ, ಫೋನ್ ಬಂದರೆ 'ಸಾರ್' ಅನ್ನಲೇಬೇಕು, ಬಾಯಿ ಸಮಾಜದ್ದು. ಈ ಪುಟಗಳು ಮಾತ್ರ ನನ್ನ ಸ್ವಯಾರ್ಜಿತ. ಇಲ್ಲಿ ಅವನು ಅವನೇ.

ಸಿಟ್ಟು ಆರಿದ ದಿನ ಮತ್ತೆ ಬಿಸಿ ಮಾಡಿಕೊಳ್ಳಲು ಕಾರಣವನ್ನೂ ಬರೆದಿಡುತ್ತೇನೆ. ನನ್ನ ಪಿಎಚ್‌.ಡಿ.ಗೆ ಮಾರ್ಗದರ್ಶಕನಾಗಿದ್ದವನು. ಕಳೆದ ವರ್ಷ ನಮ್ಮ ದೊಡ್ಡಬಳ್ಳಾಪುರದ ಕಾಲೇಜಿಗೆ ಪ್ರಾಕ್ಟಿಕಲ್ ಪರೀಕ್ಷೆ ನಡೆಸಲು ಬಂದಿದ್ದ. ಲ್ಯಾಬಿನ ಬೋರ್ಡ್ ಮೇಲೆ ನನ್ನ ಹೊಸ ಹುಚ್ಚು ಬಿಳಿ ಸೀಮೆಸುಣ್ಣದಲ್ಲಿ ಹರಡಿಕೊಂಡಿತ್ತು. ವಿಶ್ವ ಹಿಗ್ಗುತ್ತಿದೆ, ಹಿಗ್ಗುವ ವೇಗವೂ ಏರುತ್ತಿದೆ. ತಳ್ಳುತ್ತಿರುವವರು ಯಾರು? ಬರಿದಾದ ಜಾಗಕ್ಕೇ ಒಂದು ಶಕ್ತಿಯಿದೆ, ಆ ನಿರ್ವಾತ ಶಕ್ತಿಯೇ ತಳ್ಳುತ್ತಿದೆ ಎಂಬುದು ಬಹುಮತದ ಉತ್ತರ. ಯಾರೂ ತಳ್ಳುತ್ತಿಲ್ಲ, ಬಹಳ ದೂರಕ್ಕೆ ಹೋದಾಗ ಗುರುತ್ವದ ಹಿಡಿತವೇ ಸಡಿಲವಾಗುತ್ತದೆ ಎಂಬುದು ನನ್ನ ಅನುಮಾನ. ಹಳೆಯ ನಿಯಮಕ್ಕೆ ಒಂದು ಪುಟ್ಟ ಪದ ಸೇರಿಸಿದ್ದೆ, ಅಷ್ಟೆ.

ಕಾಫಿ ಲೋಟ ಹಿಡಿದು ಬೋರ್ಡನ್ನೇ ದಿಟ್ಟಿಸಿದ. "ಚೆನ್ನಾಗಿದೆ ಕಣಮ್ಮಾ. ಆದ್ರೆ ಇನ್ನೂ ಹಸಿ. ಒಂದ್ ಫೋಟೊ ತಗೋತೀನಿ, ನಮ್ ಹುಡುಗ್ರಿಗೆ ತೋರ್ಸೋಕೆ" ಎಂದ. ನಾನು ನಾಚಿಕೊಂಡು ಪಕ್ಕಕ್ಕೆ ಸರಿದೆ, ಫೋಟೊದಲ್ಲಿ ನನ್ನ ನೆರಳು ಬೀಳದಿರಲಿ ಎಂದು. ಬೀಳಲಿಲ್ಲ. ಇಂದು ಹೊರಬಂದ ಅವನ ಲೇಖನದಲ್ಲೂ ನನ್ನ ನೆರಳು ಬಿದ್ದಿಲ್ಲ. ಅದೇ ಸಡಿಲ ಗುರುತ್ವ, ಅದೇ ಪದ, ಲೇಖಕ ಅವನೊಬ್ಬನೇ. ಕೊನೆಯ ಕೃತಜ್ಞತೆಯಲ್ಲಿ ಹೆಂಡತಿಗೆ ಜಾಗವಿದೆ, ಕಂಪ್ಯೂಟರ್ ವಿಭಾಗಕ್ಕಿದೆ. ಗುರುತ್ವವನ್ನು ಇಟ್ಟುಕೊಂಡ, ಗುರುತನ್ನು ಅಳಿಸಿದ. ಗುರು ಅಂದ್ರೆ ಇವನು ಗುರು!

ಜುಲೈ ೬, ಭಾನುವಾರ

ದೂರು ಕೊಡುವಂತಿಲ್ಲ. ಬೋರ್ಡ್ ಅಂದೇ ಒರೆಸಿಹೋಯಿತು. ಫೋಟೊ ಅವನ ಫೋನಿನಲ್ಲಿದೆ. ಸಾಕ್ಷಿಯನ್ನು ಕಳ್ಳನೇ ಜೋಪಾನ ಮಾಡಿರುವ ಮೊದಲ ಪ್ರಕರಣ ಇದಿರಬೇಕು.

ಅಮ್ಮ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದಳು. ಆವತಿಯ ನಮ್ಮ ಮನೆಯಲ್ಲಿ ರೇಷ್ಮೆ ಹುಳುಗಳ ದರ್ಜೆ ನನಗಿಂತ ಒಂದು ಮೆಟ್ಟಿಲು ಮೇಲೆ. ನನ್ನ ಮುಖ ನೋಡಿ, "ಹುಳಕ್ಕೆ ಮೂರ್ನೇ ಜ್ವರ ಬಂದೈತೆ. ನಿಂಗೇನ್ ಬಂದೈತೆ?" ಎಂದಳು. ಹುಳು ಪೊರೆ ಬಿಡುವ ಮುಂಚೆ ತಿನ್ನದೆ ಮಂಕಾಗಿ ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ.

ಎಲ್ಲ ಹೇಳಿದೆ. ನಿರ್ವಾತ ಶಕ್ತಿಯ ವಿಷಯಕ್ಕೆ ಬಂದಾಗ ತಡೆದಳು. "ನಿರ್ವಾತ ಅಂದ್ರೆ ವಾತ ಇಲ್ದಿರೋದಾ?"

"ಹೂಂ, ಒಂಥರಾ."

"ವಾತ ಇಲ್ದಿದ್ರೆ ಶಕ್ತಿ ಬರ್ದೇ ಏನಾಗ್ತದೆ? ನನ್ ಮಂಡಿ ಕೇಳು, ಹೇಳ್ತದೆ." ಆಮೇಲೆ ಸೊಪ್ಪಿನ ತಟ್ಟೆ ಕೆಳಗಿಟ್ಟು, "ಆ ಕೆಂಪಪ್ಪನ್ನ ಸುಮ್ನೆ ಬಿಡ್ಬೇಡ ಕಣೇ" ಎಂದಳು.

ಬಿಡುವುದಿಲ್ಲ. ದಾರಿ ಹೊಳೆದಿದೆ. ಲೇಖನದ ಕೊನೆಯಲ್ಲಿ 'ವೀಕ್ಷಣೆಗಳೊಂದಿಗಿನ ಹೋಲಿಕೆಯನ್ನು ಮುಂದಿನ ಲೇಖನದಲ್ಲಿ ನೀಡಲಾಗುವುದು' ಎಂದು ಬರೆದಿದ್ದಾನೆ. ಆ ಹೋಲಿಕೆ ನಾನು ಮಾಡುತ್ತೇನೆ. ದೂರದರ್ಶಕಗಳ ಅಂಕಿಗಳು ಎಲ್ಲರಿಗೂ ತೆರೆದಿವೆ. ಅವನ ಸಿದ್ಧಾಂತವನ್ನು ಆಕಾಶದಿಂದಲೇ ಹೊಡೆಸುತ್ತೇನೆ. ಕಲ್ಲು ಅಷ್ಟು ಮೇಲಿಂದ ಬಿದ್ದರೆ ಎಸೆದವರು ಯಾರೆಂದು ಯಾರೂ ಕೇಳುವುದಿಲ್ಲ.

ಜುಲೈ ೨೨, ಮಂಗಳವಾರ

ಸತ್ತ! ಒಂದೇ ಮಧ್ಯಾಹ್ನದಲ್ಲಿ!

ಅವನ ಸೂತ್ರವನ್ನು ಗಣಕಕ್ಕೆ ಹಾಕಿ ನೋಡಿದೆ. ದೂರದಲ್ಲಿ ಹಿಡಿತ ಸಡಿಲಿಸುವ ಪದ ಹತ್ತಿರದಲ್ಲಿ ಅದನ್ನು ಬಿಗಿ ಮಾಡುತ್ತದೆ. ಅವನ ಗುರುತ್ವವನ್ನು ನಂಬಿದರೆ ಗೆಲಾಕ್ಸಿಗಳೆಲ್ಲ ಸೋಮವಾರ ಬೆಳಗಿನ ಮೆಜೆಸ್ಟಿಕ್ಕಿನ ಜನರಂತೆ ಒಂದರ ಮೇಲೊಂದು ಬಿದ್ದಿರಬೇಕು. ನಿಜವಾದ ಆಕಾಶದಲ್ಲಿ ಅವು ಮರ್ಯಾದಸ್ಥರ ಮದುವೆಗೆ ಬಂದವರ ಹಾಗೆ ಅಂತರ ಇಟ್ಟುಕೊಂಡು ಕೂತಿವೆ. ಸ್ಟಾಫ್ ರೂಮಿನಲ್ಲಿ ಒಬ್ಬಳೇ ನಕ್ಕೆ. ಸಂಖ್ಯಾಶಾಸ್ತ್ರದ ಬೈರಣ್ಣ ಚಿತ್ರಾನ್ನದ ಡಬ್ಬಿಯಿಂದ ತಲೆ ಎತ್ತಿ ನೋಡಿದರು. ಈ ಪ್ರಾಣಿಗೆ ಹೆಸರಿನ ಮೊದಲಕ್ಷರ 'ಬೈ' ಆಗಿದ್ದರೂ ಯಾರನ್ನೂ ಬೈಯಲು ಬರುವುದಿಲ್ಲ.

"ಇಷ್ಟು ಕೆಟ್ಟದಾಗಾ ಸೋತದ್ದು?" ಎಂದರು ಗ್ರಾಫ್ ನೋಡಿ. "ಏನೋ ಮಿಸ್ಟೇಕ್ ಇರ್ಬೇಕು ಮಿತ್ರಾ ಮೇಡಂ. ನೋಡ್ಕಳಿ."

ನೋಡಿಕೊಂಡೆ. ಅವನ ಸೂತ್ರದಲ್ಲಿ ಸಡಿಲ ಪದದ ಮುಂದೆ 8 ಇದೆ. ನನ್ನದರಲ್ಲಿ ಇದ್ದದ್ದು ನಾಲ್ಕು. ಎಂಟು ಎಲ್ಲಿಂದ ಬಂತು? ತಾಸುಗಟ್ಟಲೆ ಅವನ ಲೆಕ್ಕದ ಹಿಂದೆ ಓಡಾಡಿ ಕೊನೆಗೆ ನನ್ನ ಕೈಬರಹದಲ್ಲೇ ಅದು ಸಿಕ್ಕಿತು. ಬೋರ್ಡ್ ಮೇಲೆ ನಾನು ಕನ್ನಡ ಅಂಕಿ ಬರೆಯುತ್ತೇನೆ, ಹೈಸ್ಕೂಲಿನಿಂದ ಬಂದ ಚಟ. ನನ್ನ ೪ಕ್ಕೆ ಮೇಲೆ ಎರಡು ಕೊಂಬು. ಸೀಮೆಸುಣ್ಣ ದಪ್ಪವಿದ್ದಾಗ ಕೊಂಬುಗಳ ತುದಿ ಕೂಡಿಕೊಂಡುಬಿಡುತ್ತವೆ. ಕನ್ನಡ ಅಂಕಿ ಗೊತ್ತಿದ್ದವರಿಗೆ ಆಗಲೂ ಅದು ನಾಲ್ಕೇ, ಯಾಕೆಂದರೆ ನಮ್ಮ ಎಂಟಿನ ಮುಖವೇ ಬೇರೆ. ಗೊತ್ತಿಲ್ಲದವನಿಗೆ ಅದು ಅಚ್ಚುಕಟ್ಟಾದ ಇಂಗ್ಲಿಷ್ 8. ಪ್ರತಿ ನವೆಂಬರ್‌ನಲ್ಲಿ ಹಳದಿ ಕೆಂಪು ಶಾಲು ಹೊದ್ದು 'ಕನ್ನಡದಲ್ಲೇ ವಿಜ್ಞಾನ' ಎಂದು ಮೇಜು ಗುದ್ದುವವನು ಕನ್ನಡದ ನಾಲ್ಕನ್ನು ಕಂಡಿಲ್ಲ! ಕದಿಯಲು ಎಂಟೆದೆ ಬೇಕಂತೆ. ಇವನು ಎಂಟನ್ನು ಎದೆಯಿಂದ ತೆಗೆದು ಸೂತ್ರಕ್ಕೇ ಹಾಕಿದ್ದಾನೆ.

ಜುಲೈ ೨೩, ಬುಧವಾರ

ಬೆಳಗಿನಿಂದ ಖುಷಿ ಹುಳಿಯಾಗುತ್ತಿದೆ. ಎಂಟು ಸತ್ತಿತು ಎಂದು ನಾನು ಬರೆದರೆ ಅವನು 'ಅಚ್ಚಿನ ದೋಷ' ಎಂದು ಒಂದು ಸಾಲಿನ ತಿದ್ದುಪಡಿ ಕಳಿಸಿ ನಾಲ್ಕು ಹಾಕಿಕೊಳ್ಳುತ್ತಾನೆ. ಆಗ ಅವನ ಕೈಯಲ್ಲಿ ಉಸಿರಾಡುವ ಸಿದ್ಧಾಂತ ಇರುತ್ತದೆ, ಅದನ್ನು ಬದುಕಿಸಿಕೊಟ್ಟವಳು ನಾನಾಗಿರುತ್ತೇನೆ. ಪುಕ್ಕಟೆ ದಾದಿ.

ಆದ್ದರಿಂದ ನಾಲ್ಕನ್ನೇ ಕೊಲ್ಲಬೇಕು. ಕುತ್ತಿಗೆ ಹಿಸುಕುವುದಾದರೆ ಸರಿಯಾದ ಕುತ್ತಿಗೆಯನ್ನೇ ಹಿಸುಕಬೇಕು.

ಆಗಸ್ಟ್ ೧೧, ಸೋಮವಾರ

ನಾಲ್ಕು ಅಷ್ಟು ಸುಲಭಕ್ಕೆ ಸಾಯುವ ಜಾತಿಯದಲ್ಲ. ಮೊದಲ ನೋಟಕ್ಕೆ ನಿರ್ವಾತ ಶಕ್ತಿಯ ಜೊತೆ ಭುಜಕ್ಕೆ ಭುಜ ಕೊಟ್ಟು ನಿಲ್ಲುತ್ತದೆ. ಯಾವ ಅಂಕಿ ಸೇರಿಸಬೇಕು, ಯಾವುದನ್ನು ಧೂಳು ಅಡ್ಡ ಬಂದಿದೆ ಎಂದು ಬಿಡಬೇಕು ಎಂಬ ಸಣ್ಣ ಸಣ್ಣ ತೀರ್ಮಾನಗಳ ಮೇಲೆ ತಕ್ಕಡಿ ಆಚೀಚೆ ತೂಗುತ್ತದೆ. ಸಣ್ಣ ತೀರ್ಮಾನಗಳು ತಾನೇ? ಹಗೆ ಇರುವವಳಿಗೆ ಚಕ್ಕುಲಿ ಒತ್ತಿದಷ್ಟು ಸಲೀಸು.

ಇದನ್ನು ಬೈರಣ್ಣನವರ ಮುಂದೆ ಆಡಿದ್ದೇ ತಪ್ಪಾಯಿತು.

"ಮೇಡಂ, ನಿಮಗೂ ಅವ್ರಿಗೂ ಆಗಲ್ಲ ಅಂತ ತಾಲ್ಲೂಕಿಗೇ ಗೊತ್ತು. ನೀವು ಕಣ್ ಬಿಟ್ಕೊಂಡು ಅವ್ರನ್ನ ಸೋಲ್ಸಿದ್ರೆ ಯಾರ್ ನಂಬ್ತಾರೆ? ಕಣ್ ಕಟ್ಕಂಡು ಸೋಲ್ಸಿ."

ದೊಡ್ಡ ದೊಡ್ಡ ಖಗೋಳ ತಂಡಗಳು ಹೀಗೇ ಮಾಡುತ್ತವೆ, ನನಗೆ ಗೊತ್ತಿತ್ತು; ನೆನಪಿಸಿಕೊಳ್ಳಲು ಇಷ್ಟವಿರಲಿಲ್ಲ. ಮೂಲ ಅಂಕಿಗಳಿಗೆ ಬೈರಣ್ಣ ತಮಗೆ ಮಾತ್ರ ಗೊತ್ತಿರುವ ಒಂದು ಏರುಪೇರು ಬೆರೆಸಿ ನನಗೆ ಕೊಡುತ್ತಾರೆ. ಆ ಕಲಬೆರಕೆಯ ಮೇಲೆ ನಾನು ಲೆಕ್ಕ ಮಾಡುತ್ತೇನೆ. ಯಾರು ಗೆಲ್ಲುತ್ತಿದ್ದಾರೆ ಎಂದು ನನಗೆ ಕಾಣದು, ಕಾಣದಿದ್ದರೆ ವಾಲುವಂತಿಲ್ಲ. ಎಲ್ಲ ಮುಗಿದು, ಇನ್ನು ಏನನ್ನೂ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಅವರು ಏರುಪೇರು ಕಳೆಯುತ್ತಾರೆ. ಆಗ ಬಂದದ್ದೇ ತೀರ್ಪು.

ಒಪ್ಪಿದೆ. ಅವನು ಮಾಡಿದ್ದು ಕಣ್ಣುಕಟ್ಟು, ನಾನು ಮಾಡುವುದು ಕಣ್ಣು ಕಟ್ಟಿಕೊಂಡು. ಕಲೆಯಿಲ್ಲದ ಸೇಡು ಬೇಕು ನನಗೆ, ಇಸ್ತ್ರಿ ಮಾಡಿದ್ದು.

ಆಗಸ್ಟ್ ೨೭, ಬುಧವಾರ. ಗಣೇಶನ ಹಬ್ಬ

ಬೈರಣ್ಣನವರನ್ನು ಮನೆಗೆ ಊಟಕ್ಕೆ ಕರೆದಿದ್ದೆ. ಒಳಸಂಚು ಇಲ್ಲದೆ ನಾನು ಯಾರಿಗೂ ಕಡುಬು ಬಡಿಸುವುದಿಲ್ಲ. ಗುಟ್ಟಿನ ಏರುಪೇರು ಮೇಲಕ್ಕೋ ಕೆಳಕ್ಕೋ, ಅಷ್ಟಾದರೂ ತಿಳಿದರೆ ಸಾಕಿತ್ತು. ಈ ಮನುಷ್ಯ ಪ್ರಿನ್ಸಿಪಾಲರ ಸಕ್ಕರೆ ಕಾಯಿಲೆಯಿಂದ ಹಿಡಿದು ದೊಡ್ಡಬೆಳವಂಗಲದ ತಮ್ಮ ಭಾವನ ಬೋರ್‌ವೆಲ್ಲಿನ ಆಳದವರೆಗೆ ಯಾವ ಗುಟ್ಟನ್ನೂ ಇಟ್ಟುಕೊಂಡವರಲ್ಲ.

ಐದನೇ ಕಡುಬಿಗೆ ಕೇಳಿದೆ. ತುಪ್ಪ ಹಾಕಿಸಿಕೊಂಡರು, ಬಾಯಿ ಒರೆಸಿಕೊಂಡರು. "ಬ್ಯಾಡಿ ಮೇಡಂ. ಹೇಳ್ಬಿಟ್ರೆ ಆಮೇಲೆ ನಿಮ್ಗೇ ನಿದ್ದೆ ಬರಲ್ಲ."

ಅಮ್ಮ ನಡುವೆ ಬಾಯಿ ಹಾಕಿದಳು. "ಅದೇನ್ ಸಾರ್ ನೀವಿಬ್ರೂ ದಿನಾ ನೋಡೋದು?"

"ಸೂಪರ್‌ನೋವಾ ಅಂತ, ಅಮ್ಮಾ. ನಕ್ಷತ್ರ ಸಾಯ್ವಾಗ ಸಿಡಿದು ಬೆಳಕಾಗ್ತದೆ. ಅದು ಎಷ್ಟು ಮಸುಕಾಗಿ ಕಾಣ್ತದೋ ಅದ್ರ ಮೇಲೆ ದೂರ ಲೆಕ್ಕ ಹಾಕ್ತೀವಿ."

"ಸೂಪರ್ ನೋವಾ? ಸಾಯ್ವಾಗ ಅಂದ್ಮೇಲೆ ಇರ್ತದೆ ಬಿಡಿ."

ಅವರು ಹೋದ ಮೇಲೆ ಕೂತು ಕೆಲಸ ಮಾಡಿದೆ. ಬಹಳ ದೂರದ ಸೂಪರ್‌ನೋವಾಗಳಿಗೆ ಧೂಳಿನ ತಿದ್ದುಪಡಿ ಹಾಕುವಾಗ ಎಲ್ಲರೂ ಬಳಸುವ ವಿಧಾನ ನಿರ್ವಾತ ಶಕ್ತಿಯೇ ಸರಿ ಎಂದು ಮೊದಲೇ ಒಪ್ಪಿಕೊಂಡಿರುತ್ತದೆ. ಸಡಿಲ ಗುರುತ್ವಕ್ಕೆ ಅದರಿಂದ ಅನ್ಯಾಯ. ಸರಿಪಡಿಸಿದೆ. ದಯೆಯಿಂದಲ್ಲ, ನಾಳೆ ಅವನಿಗೆ ನೆಪ ಸಿಗಬಾರದೆಂದು. ಗಲ್ಲಿಗೇರಿಸುವ ಮುಂಚೆಯೂ ಊಟ ಕೇಳುತ್ತಾರೆ.

ಸೆಪ್ಟೆಂಬರ್ ೧೩, ಶನಿವಾರ

ಅವನೇ ಫೋನ್ ಮಾಡಿದ.

"ಏನಮ್ಮಾ ಸಂಘಮಿತ್ರಾ, ಮರ್ತೇಬಿಟ್ಯಾ? ನವೆಂಬರ್ ಏಳಕ್ಕೆ ನಿಮ್ ಕಾಲೇಜಿಗೆ ಬರ್ತಾ ಇದೀನಿ, ಕನ್ನಡದಲ್ಲಿ ವಿಜ್ಞಾನ ಅಂತ ಸೆಮಿನಾರು. ನಾನೇ ಮುಖ್ಯ ಅತಿಥಿ. ನಿಮ್ ಪ್ರಿನ್ಸಿಪಾಲ್ರಿಗೆ ಹೇಳಿದೀನಿ, ನನ್ನ ಹೊಸ ಮಾಡೆಲ್ ಬಗ್ಗೆ ನೀನೇ ಕನ್ನಡದಲ್ಲಿ ವಿವರಿಸ್ತೀಯ ಅಂತ. ನಿನ್ ಕನ್ನಡ ಚೆನ್ನಾಗಿದೆಯಲ್ಲ."

"ಚೆನ್ನಾಗಿ ವಿವರಿಸ್ತೀನಿ ಸಾರ್."

"ಸಿಂಪಲ್ಲಾಗಿರ್ಲಿ. ಎಲ್ರಿಗೂ ಮುಟ್ಬೇಕು."

ಮುಟ್ಟುತ್ತದೆ. ಮುಟ್ಟಿ ನೋಡಿಕೊಳ್ಳುವ ಹಾಗೆ ಮುಟ್ಟುತ್ತದೆ. ಕುರಿಯೇ ಬಂದು ಕತ್ತಿಯ ಹಿಡಿಗೆ ಅರಿಶಿನ ಕುಂಕುಮ ಹಚ್ಚಿ ಹೋಗಿದೆ. ಸಂಜೆಯೆಲ್ಲ ಹಾಡು ಗುನುಗಿದೆ. ಹುಳುಗಳು ಸೊಪ್ಪು ಬಿಟ್ಟು ನೋಡಿದವು.

ಸೆಪ್ಟೆಂಬರ್ ೩೦, ಮಂಗಳವಾರ

ಕೆಲಸ. ಗೆಲಾಕ್ಸಿಗಳ ಗುಂಪುಗಾರಿಕೆಯ ಲೆಕ್ಕ ಅರ್ಧ ಆಯಿತು.

ಅಕ್ಟೋಬರ್ ೯, ಗುರುವಾರ

ಮಳೆ ಬಂದು ನಿಂತಿದೆ, ಕೊಡೆ ಕಾಲೇಜಿನಲ್ಲೇ ಇದೆ. ಎಲ್ಲ ಮುಗಿಯಿತು, ಇನ್ನು ಮುಟ್ಟುವುದಿಲ್ಲ ಎಂದು ಬೈರಣ್ಣನವರಿಗೆ ಹೇಳಬೇಕು. ಹೇಳಿಲ್ಲ. ಒಂದೆರಡು ಕಡೆ ಇನ್ನೂ ಹದ ಮಾಡಬೇಕಿದೆ. ನಾಲ್ಕು ಅನ್ನುವುದು ಸುಮ್ಮನೆ ಹಾಕಿದ ಅಂಕಿಯಲ್ಲ. ಜಾಗಕ್ಕೆ ಮೂರು ಆಯಾಮ, ಕಾಲಕ್ಕೆ ಒಂದು, ಅಲ್ಲಿಂದ ತಾನಾಗಿ ಉದುರಿದ್ದು. ಉದುರಿದ ದಿನ ಬಸ್ಸಿನಲ್ಲಿದ್ದೆ. ದೇವನಹಳ್ಳಿಯಲ್ಲಿ ಇಳಿಯುವುದು ಮರೆತು ನಮ್ಮ ತಾಲ್ಲೂಕಿನ ವಿಜಯಪುರದವರೆಗೆ ಹೋಗಿದ್ದೆ. ಇಷ್ಟು ಚೆಂದವಾಗಿರುವುದು ತಪ್ಪಿರಲಾರದು ಅನ್ನಿಸಿತ್ತು ಆಗ.

ಈಗಲೂ ಅನ್ನಿಸುತ್ತಿದೆ. ಇದನ್ನು ಯಾಕೆ ಬರೆದೆ? ಮುಖ್ಯ ವಿಷಯ ಏಳನೇ ತಾರೀಕು. ಅವನನ್ನು ಬಿಡಬಾರದು.

ಅಕ್ಟೋಬರ್ ೧೮, ಶನಿವಾರ

ಕಣ್ಣ ಕಟ್ಟು ಬಿಚ್ಚಿದೆವು. ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ. ಬೈರಣ್ಣ ಕೈ ತೊಳೆದುಕೊಂಡು ಬಂದು ಕೀಲಿಮಣೆಯ ಮುಂದೆ ಕೂತರು.

ಮೊದಲು ಸೂಪರ್‌ನೋವಾಗಳು. ಏರುಪೇರು ಕಳೆದುಹೋಯಿತು, ಚುಕ್ಕಿಗಳು ಒಂದೊಂದಾಗಿ ಜಾಗಕ್ಕೆ ಬಂದು ಕೂತವು, ನಮ್ಮ ಗೆರೆ ಅವುಗಳ ನಡುವೆ ದಾರದ ಹಾಗೆ ಹಾದುಹೋಯಿತು. ನಿರ್ವಾತ ಶಕ್ತಿಯ ಗೆರೆಗಿಂತ ಕೂದಲೆಳೆಯಷ್ಟು ಚೆನ್ನಾಗಿ! ನಾನು ಎದ್ದು ನಿಂತುಬಿಟ್ಟಿದ್ದೆ. "ಕೂತ್ಕಳಿ ಮೇಡಂ" ಎಂದರು ಬೈರಣ್ಣ, "ಇನ್ನೊಂದೈತೆ."

ಆಮೇಲೆ ಗೆಲಾಕ್ಸಿಗಳ ಗುಂಪು. ಮೊದಲ ನಾಲ್ಕಾರು ಚುಕ್ಕಿ ನಮ್ಮ ಜೊತೆಗೇ ಬಂದವು. ನಂತರ ಗೆರೆ ಮೇಲಕ್ಕೆ ಹೋಯಿತು, ಚುಕ್ಕಿಗಳು ಹೋಗಲಿಲ್ಲ. ಎಂಟಿನ ಹಾಗೆ ಗಲಾಟೆ ಮಾಡಿಕೊಂಡಲ್ಲ. ಮದುವೆ ಮನೆಯಿಂದ ಊಟ ಮಾಡದೆ ಎದ್ದು ಹೋಗುವವರ ಹಾಗೆ, ಸದ್ದಿಲ್ಲದೆ ದೂರ ಸರಿದವು. ಮತ್ತೆ ಸೇರಲಿಲ್ಲ. ಯಾವ ಧೂಳನ್ನೂ ದೂರುವಂತಿಲ್ಲ. ನಾನೇ ಒರೆಸಿದ ಧೂಳು.

"ಗೆದ್ರಿ ಮೇಡಂ!" ಎಂದರು ಬೈರಣ್ಣ. ನಂತರ ನನ್ನ ಕಡೆ ನೋಡಿ ಕರವಸ್ತ್ರ ಚಾಚಿದರು.

ನೆಗಡಿ ಹಿಡಿದಿದೆ.

ಅಕ್ಟೋಬರ್ ೨೦, ಸೋಮವಾರ

ಅಮ್ಮ ತಲೆಗೆ ಎಣ್ಣೆ ಹಚ್ಚಿದಳು. "ಹಬ್ಬದ ದಿನ ಸೂತಕದೋರ್ ಥರ ಕೂತಿದೀಯಲ್ಲ, ಯಾರ್ ಹೋದ್ರು?" ಎಂದಳು.

ನವೆಂಬರ್ ೭, ಶುಕ್ರವಾರ

ಸಭಾಂಗಣ ತುಂಬಿತ್ತು. ಹಾಜರಿ ಕೊಡುತ್ತೇವೆಂದರೆ ನಮ್ಮ ಹುಡುಗರು ಗುರುತ್ವಕ್ಕೂ ಬರುತ್ತಾರೆ. ಕೆಂಪರಾಜ್ ಅವರಿಗೆ ಪೇಟ, ಹಾರ, ಹಣ್ಣಿನ ಬುಟ್ಟಿ, ಹಳದಿ ಕೆಂಪು ಶಾಲು. ಕನ್ನಡಕ್ಕೆ ವಿಜ್ಞಾನ ಬರಬೇಕು, ವಿಜ್ಞಾನಕ್ಕೆ ಕನ್ನಡ ಬರಬೇಕು ಎಂದು ಚೆನ್ನಾಗಿಯೇ ಮಾತಾಡಿದರು. ಆಮೇಲೆ ನನ್ನ ಸರದಿ.

ತಳ್ಳುವವರು ಯಾರು ಎಂಬಲ್ಲಿಂದ ಶುರು ಮಾಡಿ ಸೂತ್ರದವರೆಗೆ ಬಂದೆ. ತೆರೆಯ ಮೇಲೆ ಸಡಿಲ ಪದ, ಅದರ ಮುಂದೆ ದೊಡ್ಡದಾಗಿ ೪.

ಮುಂದಿನ ಸಾಲಿನಿಂದ ಅವರ ದನಿ ಬಂತು. "ಒಂದ್ನಿಮಿಷಮ್ಮ. ಅದೇನದು ಚಿಹ್ನೆ?"

"ನಾಲ್ಕು ಸಾರ್."

"ಯಾವ್ ನಾಲ್ಕು?"

"ಕನ್ನಡದ ನಾಲ್ಕು ಸಾರ್."

ಹಿಂದಿನ ಸಾಲಿನಲ್ಲಿ ಒಬ್ಬ ಕಿಸಕ್ಕೆಂದ. ಅದು ಸಾಲಿನಿಂದ ಸಾಲಿಗೆ ಬೆಂಕಿಪೊಟ್ಟಣದಂತೆ ಹತ್ತಿಕೊಂಡು ಪ್ರಿನ್ಸಿಪಾಲರು ಮೇಜು ತಟ್ಟುವವರೆಗೂ ಹೋಯಿತು. "ನನ್ ಪೇಪರ್‌ನಲ್ಲಿ ಎಂಟಿದೆಯಲ್ಲಾ" ಎಂದರು ಅವರು, ಸಣ್ಣದಾಗಿ. ಅಲ್ಲಿ ಹೇಳಲೆಂದು ಎರಡು ತಿಂಗಳಿಂದ ಹದಿನಾಲ್ಕು ಮಾತು ಮಸೆದಿಟ್ಟಿದ್ದೆ. ಒಂದಕ್ಕಿಂತ ಒಂದು ಚೂಪು. ಆದರೆ ಮುಂದಿನ ಚಿತ್ರ ಬಾಕಿಯಿತ್ತು. "ಅದಕ್ಕೂ ಬರ್ತೀನಿ ಸಾರ್" ಎಂದು ಮುಂದುವರಿಸಿದೆ.

ಎಂಟು ಯಾಕೆ ಸಾಯುತ್ತದೆ ಎಂದು ತೋರಿಸಿದೆ. ಸೂಪರ್‌ನೋವಾಗಳ ಬಳಿ ನಾಲ್ಕು ಹೇಗೆ ಗೆಲ್ಲುತ್ತದೆ ಎಂದು ತೋರಿಸಿದೆ. ಗೆಲಾಕ್ಸಿಗಳ ಬಳಿ ಬಂದು ಅದು ಹೇಗೆ ಸೋಲುತ್ತದೆ ಎಂದೂ ತೋರಿಸಿದೆ. ಕಣ್ಣು ಕಟ್ಟಿಕೊಂಡು ಮಾಡಿದ್ದೆಂದು ಹೇಳಿದೆ. ಸಡಿಲ ಗುರುತ್ವ, ಈ ರೂಪದಲ್ಲಿ, ನಿಲ್ಲುವುದಿಲ್ಲ.

ಕೆಂಪರಾಜ್ ಅವರು ಎದ್ದು ಶಾಲು ಸರಿ ಮಾಡಿಕೊಂಡು ಮೈಕ್ ಕೇಳಿ ಪಡೆದರು. "ತುಂಬಾ ಸಂತೋಷ. ಇಲ್ಲಿ ಒಂದ್ ವಿಷಯ ಸ್ಪಷ್ಟಪಡಿಸ್ಬೇಕು. ಈ ಕಲ್ಪನೆ ಮೂಲತಃ ನನ್ನದಲ್ಲ. ಇದು ಸಂಘಮಿತ್ರ ಅವರದು. ಇದೇ ಕಾಲೇಜಿನ ಬೋರ್ಡ್ ಮೇಲೆ ಇವರು ಬರೆದಿದ್ದು. ಇನ್ನೂ ಹಸಿ ಅಂತ ನಾನು ಆಗ್ಲೇ ಎಚ್ಚರಿಸಿದ್ದೆ. ಒಬ್ಬ ಗುರುವಾಗಿ ಪ್ರೋತ್ಸಾಹ ಕೊಟ್ಟೆ, ಅಷ್ಟೆ. ತಪ್ಪಿನ ಹೊಣೆ ನ್ಯಾಯವಾಗಿ ಅವರದು."

ಬದುಕಿದ್ದಾಗ ಎತ್ತಿಕೊಂಡು ಹೋದವರು ಹೆಣವಾದ ಮೇಲೆ ಮಡಿಲಿಗೆ ತಂದು ಹಾಕಿದರು.

ಬೈರಣ್ಣ ಎದ್ದು ನಿಂತರು, ಯಾರನ್ನೂ ಬೈಯಲು ಬಾರದ ಬೈರಣ್ಣ. "ಸಾರ್, ಒಂದ್ ಡೌಟು. ಪ್ರೋತ್ಸಾಹ ಎಲ್ಲಾ ಸರಿ. ಪೇಪರ್ ಮೇಲೆ ಒಂದೇ ಹೆಸ್ರೈತೆ, ಅದು ನಿಮ್ದು. ಆ ಹೆಸ್ರೂ ಬೋರ್ಡ್ ಮೇಲೇ ಇತ್ತಾ?"

ನಗು ಬರಲಿಲ್ಲ ಈ ಸಲ. ಎರಡನೇ ಸಾಲಿನಲ್ಲಿದ್ದ ಬೇರೆ ಕಾಲೇಜುಗಳ ಅಧ್ಯಾಪಕರು ಒಬ್ಬರನ್ನೊಬ್ಬರು ನೋಡಿಕೊಂಡರು, ಒಬ್ಬರು ಫೋನ್ ತೆಗೆದು ಲೇಖನ ಹುಡುಕತೊಡಗಿದರು. ಕೆಂಪರಾಜ್ ಅವರು ಏನೋ ಹೇಳಲು ಹೋದರು, ಮೈಕ್ ಕಿರುಚಿತು. ಪ್ರಿನ್ಸಿಪಾಲರು ನನ್ನ ಕಡೆ ತಿರುಗಿ, "ಮೇಡಂ, ಇದು ನಿಮ್ದೇನಾ?" ಎಂದರು.

ಅಲ್ಲ ಎನ್ನಬಹುದಿತ್ತು. ಅವರದೇ, ಅಚ್ಚಾಗಿದೆಯಲ್ಲ ಎನ್ನಬಹುದಿತ್ತು. ಸೇಡು ಅಲ್ಲಿಗೆ ಗರಿಗರಿಯಾಗಿ ನಿಲ್ಲುತ್ತಿತ್ತು. ತಪ್ಪೂ ಅವರ ತಲೆಯ ಮೇಲೆ, ಕಳವೂ ಅವರ ತಲೆಯ ಮೇಲೆ.

"ನನ್ನದೇ ಸಾರ್" ಎಂದೆ. "ನಾಲ್ಕು ನನ್ನದು. ಸೋತಿದ್ದೂ ನನ್ನದೇ. ಎಂಟು ಮಾತ್ರ ನನ್ನದಲ್ಲ." ನಾಲ್ಕು ಜನರ ಮುಂದೆ ಹೇಳಬೇಕಾದ್ದನ್ನು ಹೇಳಿದ್ದಾಯಿತು. ಗೆಲಾಕ್ಸಿಗಳು ದೂರ ಸರಿಯುವ ಆ ತಿರುವನ್ನು ಇನ್ನೊಮ್ಮೆ ತೋರಿಸಿ ಎಂದು ಯಾರೋ ಕೇಳಿದರು. ತೋರಿಸಿದೆ. ಆ ಜಾಗದಲ್ಲಿ ಏನೋ ಇದೆ. ಗೆರೆ ಸುಮ್ಮನೆ ಏರುತ್ತಿಲ್ಲ, ಒಂದು ಕಡೆ ತಡವರಿಸುತ್ತದೆ. ಸೋಮವಾರ ಅದನ್ನು ಬಿಡಿಸಿ ನೋಡಬೇಕು.

ಮನೆಗೆ ಬರುವಷ್ಟರಲ್ಲಿ ಬೈರಣ್ಣ ಫೋನ್ ಮಾಡಿ ಅಮ್ಮನಿಗೆ ಎಲ್ಲ ಹೇಳಿಬಿಟ್ಟಿದ್ದರು. ಬಾಗಿಲಲ್ಲೇ ಹಿಡಿದಳು.

"ಎಲ್ಲಾರ್ ಮುಂದೆ ಒಪ್ಕಂಡ್ನಂತಲ್ಲ ಆ ಕೆಂಪಪ್ಪ! ಹೇಳು ಹೇಳು. ಬೈರಣ್ಣೋರು ಹಂಗ್ ಕೇಳ್ದಾಗ ಅವ್ನ ಮುಖ ಹೆಂಗಾಯ್ತು?"

ನೆನಪಿಸಿಕೊಳ್ಳಲು ನೋಡಿದೆ. ಶಾಲು ನೆನಪಿದೆ. ಮೈಕ್ ಕಿರುಚಿದ್ದು ನೆನಪಿದೆ.

"ನೋಡ್ಲಿಲ್ಲ ಕಣಮ್ಮ. ಗ್ರಾಫ್ ನೋಡ್ತಿದ್ದೆ."

"ಅಯ್ಯೋ ನಿನ್ನ!" ಎಂದು ಹಣೆ ಚಚ್ಚಿಕೊಂಡಳು. "ಮತ್ತೆ ಇಷ್ಟ್ ದಿನ ಊಟ ನಿದ್ದೆ ಬಿಟ್ಟಿದ್ದು ಯಾತಕ್ಕೆ?"